ನೀಲಿ ತಳದ ಕ್ಯಾನು

ಹೊಸನಗರ, 21 ನವೆಂಬರ್ 2024, ಗುರುವಾರ

ಮಗಳು ಸಮತಾಳ ಗಾಜಿನ ತೊಟ್ಟಿಯಲ್ಲಿ ಉಳಿದಿದ್ದ ಎರಡು ಸಮುದ್ರದ ಬಸವನಹುಳುಗಳೂ ಇವತ್ತು ಸತ್ತವು. ಸಿಗಡಿ ನಿನ್ನೆಯೇ ಸತ್ತಿತ್ತು. ಮೀನು ಮಾತ್ರ ಏನೂ ಆಗದಂತೆ ಈಜುತ್ತಿದೆ.

ಹನ್ನೊಂದು ವರ್ಷದವಳು. ಕಲ್ಲು, ಮರಳು ಜೋಡಿಸಿ, ತಿಂಗಳುಗಟ್ಟಲೆ ಕಾದು, ದಿನಾ ನೀರು ಪರೀಕ್ಷಿಸಿ ಪಟ್ಟಿ ಬರೆದವಳು. ಸಂಜೆ ಅತ್ತಳು.

"ನಾನೇ ಊಟ ಜಾಸ್ತಿ ಹಾಕ್ದೆ ಅನ್ಸುತ್ತೆ ಅಮ್ಮಾ. ನನ್ ಕೈಲಾಗಲ್ಲ, ಎಲ್ಲಾ ತೆಗ್ದುಬಿಡು."

ತಲೆ ಸವರಿದೆ. ಅವಳು ಕೋಣೆಗೆ ಹೋದ ಮೇಲೆ ಗಂಡ ನಿರಂಜನ ಹಿತ್ತಲಿನಿಂದ ಕ್ಯಾನು ಎತ್ತಿಕೊಂಡು ಬಂದ.

"ಸಮುದ್ರದ ನೀರು ತಂದಿದ್ದು ಇದ್ರಲ್ಲೇನೇ ಮಾರಾಯ್ತಿ? ಇದು ಅಡಿಕೆ ಔಷಧಿಗೆ ಮೈಲುತುತ್ತ ಕಲಸೋ ಕ್ಯಾನು. ತಳ ನೋಡು, ಇನ್ನೂ ನೀಲಿ."

"ಮೂರು ಸಲ ತೊಳ್ದಿದ್ದೆ."

"ಫ್ಯಾಕ್ಟ್ರಿಯೋರೂ ಹಂಗೇ ಅಂತಾರೆ ಅಂತ ಮೈಕಲ್ಲಿ ನೀನೇ ಬೈತಿದ್ದೆ."

ಮೈಲುತುತ್ತದ ತಾಮ್ರ ಚೂರು ಉಳಿದರೂ ಸಾಕು. ಮೀನು ತಡೆದುಕೊಳ್ಳುತ್ತದೆ, ಹುಳು, ಸಿಗಡಿ ತಡೆಯುವುದಿಲ್ಲ. ಮೊನ್ನೆ ಭಾನುವಾರ ಕುಂದಾಪುರದ ಸಭೆಯಲ್ಲಿ, ನದಿಗೆ ವಿಷ ಬಿಟ್ಟವರು ಜನರ ಮುಂದೆ ನಿಂತು ಒಪ್ಪಿಕೊಳ್ಳಲಿ ಎಂದು ಗಂಟಲು ಹರಿಯುವಂತೆ ಕೂಗಿದವಳು ನಾನು. ಅದೇ ಸಂಜೆ ಆ ಕ್ಯಾನಿನಲ್ಲಿ ಸಮುದ್ರದ ನೀರು ತುಂಬಿಕೊಂಡು ಹುಲಿಕಲ್ ಘಾಟಿ ಹತ್ತಿ, ತೊಟ್ಟಿಗೆ ಸುರಿದವಳೂ ನಾನೇ.

ಬೆಳಿಗ್ಗೆ ಹೇಳಿದರಾಯಿತು ಎಂದು ನಿರಂಜನ ಮಲಗಿದ. ಅಲ್ಲಿಯವರೆಗೆ ತಪ್ಪು ಆ ಮಗುವಿನ ತಲೆಯ ಮೇಲೇ ಇರಬೇಕೆ? ಅವಳ ಪಟ್ಟಿಯ ಕೊನೆಯ ಸಾಲು ಈಗ ನೋಡಿದೆ: "ಸತ್ತಿದ್ದಕ್ಕೆ ಕಾರಣ: ನಾನು." ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆದೆ. ಬರೆಯುವುದು ನನಗೆ ಯಾವತ್ತೂ ಸುಲಭವೇ. ಎದುರು ನಿಂತು ಹೇಳುವುದು ಬೇರೆ.

ಅವಳ ಕೋಣೆಯ ದೀಪ ಇನ್ನೂ ಆರಿಲ್ಲ. ಏಳುತ್ತೇನೆ, ಈಗಲೇ ಹೋಗಿ ಅವಳ ಎದುರು—