ಹೊಳೆ ಬೆಳ್ಳಗಾದಾಗ

ರೀ,

ಹೊಳೆ ನಿಮ್ಮನ್ನು ಒಯ್ದು ಇವತ್ತಿಗೆ ವರ್ಷ. ಮಾರ್ಚ್ ಬಿಸಿಲಿಗೆ ಬೆಟ್ಟದ ಹಿಮ ಕರಗಿ ನೀರು ಬೆಳ್ಳಗಾದರೆ ತಕ್ಷಣ ದಡ ಹತ್ತಬೇಕೆಂದು ಊರಿಗೆಲ್ಲ ಪಾಠ ಹೇಳಿದ್ದು ನೀವೇ ಅಲ್ಲವೇ? ಆ ಪಾಠ ನಿಮಗೊಬ್ಬರಿಗೆ ಬೇಡವಾಯಿತು!

ಇವತ್ತು ಮಧ್ಯಾಹ್ನ ನಗೋಯಾ ಪಟ್ಟಣದಿಂದ ಬಂದವನೊಬ್ಬ ನೀವು ಗಾಳ ಹಾಕುತ್ತಿದ್ದ ಅದೇ ಬಂಡೆಯ ಪಕ್ಕ ತೊಡೆಮಟ್ಟ ನೀರಿನಲ್ಲಿ ನಿಂತು, ಗರಿ ಸುತ್ತಿ ನೊಣದಂತೆ ಮಾಡಿದ ಗಾಳ ಬೀಸುತ್ತಿದ್ದ. ನೀರಿನ ಬಣ್ಣ ತಿರುಗಿತು. ಒದ್ದೆ ಕೈಯಲ್ಲೇ ಓಡಿಹೋಗಿ ಕೂಗಿದೆ.

"ಇನ್ನೊಂದೇ ಸಲ ಅಜ್ಜಿ, ಮೀನು ಈಗ ತಾನೇ ಏಳ್ತಿದೆ!"

"ಅದು ಏಳತ್ತೆ, ನೀನು ಮುಳುಗ್ತೀಯ! ಹತ್ತೋ ಮೇಲೆ, ಕತ್ತೆ!"

ಥೇಟ್ ನಿಮ್ಮ ಹಾಗೇ ಗೊಣಗುತ್ತಾ ಹತ್ತಿದ. ಬೂಟು ಬಿಚ್ಚುವಷ್ಟರಲ್ಲಿ ಬಂಡೆ ಮುಳುಗಿತ್ತು. ಅವನ ಮುಖ ಬಿಳಿಚಿಕೊಂಡಿತು. ಸೊಂಟ ಬಗ್ಗಿಸಿ ವಂದಿಸಿ, "ನಿಮಗೆ ಹೇಗೆ ಗೊತ್ತಾಯ್ತು ಅಜ್ಜಿ?" ಎಂದ.

"ನಮ್ಮ ಅಡುಗೆಮನೆ ಕಿಟಕಿಯಿಂದ ಎಲ್ಲಾ ಕಾಣತ್ತೆ," ಎಂದೆ.

ಹೋದ ವರ್ಷವೂ ನೀರು ಬೆಳ್ಳಗಾಗಿದ್ದು ಕಂಡಿತ್ತು. ಆಗ ನಾವಿಬ್ಬರೂ ಮಾತು ಬಿಟ್ಟು ಮೂರು ದಿನವಾಗಿತ್ತು. ಮೊದಲು ನೀವೇ ಮಾತಾಡಲಿ ಎಂದು ನಾನು ಕಿಟಕಿ ಮುಚ್ಚಿ ಅಕ್ಕಿ ತೊಳೆಯುತ್ತಾ ನಿಂತೆ.