ಹಂಪಣ್ಣಜ್ಜನ ಲದ್ದಿಗುಡ್ಡೆ

ಹೂಳುಶಕೆ ಎಂಬತ್ತೆಂಟು, ಆನೆಹುಲ್ಲು ತೆನೆಬಿಡುವ ತಿಂಗಳು, ಹದಿನೇಳನೆಯ ದಿನ. ನಿಮ್ಮ ಎಣಿಕೆಯಲ್ಲಿ 2243.

ಹಂಪಣ್ಣಜ್ಜನಿಗೆ ಇನ್ನೂರು ವರ್ಷದಾಚೆಯಿಂದ ನಿನ್ನ ವಂಶದ ಕಳಕಪ್ಪ ಬರೆಯುವುದು. ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ನಾನು ಓದಿದ್ದು ಊರ ಶಾಲೆಯಲ್ಲಿ ಆರನೆಯ ತರಗತಿ. ಆದರೂ ನನ್ನಷ್ಟು ದುಂಡಗೆ ಬರೆಯುವವನು ಈ ಸೀಮೆಯಲ್ಲಿಲ್ಲ. ನಾನು ಕ್ಷಮೆ ಕೇಳುವುದು ಇಷ್ಟಕ್ಕೇ. ಉಳಿದದ್ದಕ್ಕೆ ನೀನು ಕೇಳಬೇಕು.

ಸೊಂಟನೋವಿಗೆಂದು ನೀನು ಘೇಂಡಾಮೃಗದ ಕೋಡಿನ ಪುಡಿ ಕೊಂಡೆ. ಕೋಡು ನಮ್ಮ ಉಗುರಿನ ಜಾತಿಯದೇ. ನಿನ್ನ ಕಾಲುಗುರನ್ನೇ ಅರೆದು ಕುಡಿದಿದ್ದರೂ ಅಷ್ಟೇ ಗುಣವಾಗುತ್ತಿತ್ತು. ಕೊಂಡವರ ಪಟ್ಟಿ ಇಲ್ಲಿ ಸಿಕ್ಕಿದೆ. ಅಂಥ ಮನೆತನದ ಒಬ್ಬರು ಏಳು ವರ್ಷ ‘ಕೋಡುಸೇವೆ’ ಮಾಡಬೇಕು, ಅಂದರೆ ಘೇಂಡಾಮೃಗ ಕಾಯುವವರ ಕೈಕೆಳಗೆ ದುಡಿಯಬೇಕು. ಸಿಕ್ಕಿಬಿದ್ದವನು ನಾನು. ಕಾವಲಿನ ಮುಖ್ಯಸ್ಥೆ ನನ್ನಣ್ಣನ ಮಗಳು ಹುಲಿಗೆವ್ವ. ಮೊದಲ ದಿನವೇ ಬುಟ್ಟಿ ಕೊಟ್ಟು, “ಕಾಕಾ, ಕಟ್ಟಿ ಮ್ಯಾಲೆ ಕುಂತು ಹೇಳಿದ ಪ್ರತಾಪ ಸಾಕು, ಲದ್ದಿ ಎತ್ತು” ಅಂದಳು.

ನಿಮ್ಮ ಕಾಲದ ಜಲಾಶಯ ಹೂಳು ತುಂಬಿ ಈಗ ಹುಲ್ಲುಗಾವಲಾಗಿದೆ, ನಮ್ಮ ಶಕೆ ಶುರುವಾದದ್ದೂ ಆ ಹೂಳಿನಿಂದಲೇ. ಅಸ್ಸಾಮಿನಿಂದ ತಂದ ಘೇಂಡಾಮೃಗಗಳು ಇಲ್ಲಿ ಮೇಯುತ್ತವೆ. ಈ ಪ್ರಾಣಿ ದಿನಾ ಒಂದೇ ಜಾಗಕ್ಕೆ ಬಂದು ಲದ್ದಿ ಹಾಕುತ್ತದೆ. ಅದು ಬೆಳೆದು ಗುಡ್ಡೆಯೇ ಆಗುತ್ತದೆ. ಕೋಡು ಕದಿಯುವ ಕೊಲೆಗಡುಕರಿಗೆ ಅಷ್ಟು ಗೊತ್ತಿದ್ದರೆ ಸಾಕು, ಪಕ್ಕದಲ್ಲಿ ಹೊಂಚುಹಾಕುತ್ತಾರೆ. ನನ್ನ ಎರಡನೆಯ ವರ್ಷ, ನಾವು ದ್ಯಾಮವ್ವ ಎಂದು ಕರೆಯುವ ಘೇಂಡಾಮರಿಯ ತಾಯಿಯನ್ನು ಹಾಗೇ ಕೊಂದರು. ಕೋಡಿಗಾಗಿ ಮುಖವನ್ನೇ ಕೊಯ್ದಿದ್ದರು. ಮರಿ ದ್ಯಾಮವ್ವ ಆ ಮುಖವಿಲ್ಲದ ತಾಯಿಯ ಕೆಚ್ಚಲಿಗೆ ಬಾಯಿ ಹಾಕುತ್ತಿದ್ದಳು. ಅಂದೇ ನಾನು ಸೇಡಿಗೆ ನಿಂತೆ.

ಆರನೆಯ ವರ್ಷಕ್ಕೆ ದ್ಯಾಮವ್ವನಿಗೂ ಕೋಡು ಬಲಿಯಿತು. ಅವರು ಮತ್ತೆ ಬರುತ್ತಾರೆಂದು ನನಗೆ ಗೊತ್ತಿತ್ತು. ಅವಳ ಬಿಸಿ ಲದ್ದಿಯನ್ನು ದಿನಾ ಬೆಳಗ್ಗೆ ತಲೆಯ ಮೇಲೆ ಹೊತ್ತು, ಎರಡು ಮೈಲಿ ಆಚೆ ಕೆಸರಿನ ಅಂಚಿಗೆ ಸುರಿದೆ. ಐದು ತಿಂಗಳಲ್ಲಿ ಸುಳ್ಳುಗುಡ್ಡೆ ಎದ್ದಿತು. ಇಂಥ ಉಪಾಯ ದೇವರಿಗೂ ಹೊಳೆದಿರಲಿಲ್ಲ. ಬಂದೂಕು ಹಿಡಿದು ಮೂವರು ಬಂದರು, ಗುಡ್ಡೆಯ ಪಕ್ಕ ಅಡಗಲು ಹೋಗಿ ಕೆಸರಿನಲ್ಲಿ ಸೊಂಟದವರೆಗೆ ಹೂತುಹೋದರು. ನಾನು ದಂಡೆಯಲ್ಲಿ ಕೂತು ರೊಟ್ಟಿ, ಪುಂಡಿಪಲ್ಯ ಬಿಚ್ಚಿದೆ.

“ಕಾಕಾ, ನಿನ್ನ ಕಾಲಿಗೆ ಬೀಳ್ತೀವಿ, ಎಳ್ಕೊ” ಅಂದ ಒಬ್ಬ.

“ಬೀಳಾಕ ಮೊದ್ಲ ಮ್ಯಾಲೆ ಬರಬೇಕಲ್ಲೋ ತಮ್ಮಾ” ಅಂದೆ.

ಊಟ ಮುಗಿಸಿ, ಮೂವರ ತಲೆಯ ಮೇಲೂ ಒಂದೊಂದು ಬುಟ್ಟಿ ಲದ್ದಿ ಸುರಿದೆ. ಹುಲಿಗೆವ್ವ ಬಂದು ಎಳೆದು ಹಾಕದಿದ್ದರೆ ಅಲ್ಲೇ ಬಿಡುತ್ತಿದ್ದೆ. ಬಿಟ್ಟಿದ್ದರೇ ಚೆನ್ನಾಗಿತ್ತೆಂದು ಈಗಲೂ ಅನಿಸುತ್ತದೆ.

ಅಜ್ಜ, ನೀನು ಪುಡಿ ಕೊಳ್ಳುವ ಮೊದಲೇ ಈ ಕಾಗದ ನಿನಗೆ ಮುಟ್ಟಬೇಕು. ಹಾಗೆಂದು ಕೊಳ್ಳದೆ ಸುಮ್ಮನೆ ಮನೆಗೆ ಹೋಗಬೇಡ. ಹೋದರೆ ನಿನ್ನ ಹೆಸರು ಪಟ್ಟಿಯಲ್ಲಿರುವುದಿಲ್ಲ, ನನಗೆ ಸೇವೆ ಬೀಳುವುದಿಲ್ಲ. ನಾನು ದ್ಯಾಮವ್ವ ಯಾರೆಂದೇ ತಿಳಿಯದೆ ಊರಲ್ಲಿ ಎಲೆಅಡಿಕೆ ಜಗಿಯುತ್ತಿರುತ್ತೇನೆ. ಅವಳನ್ನು ಕೊಲ್ಲುವವರು ಮಾತ್ರ ಬಂದೇ ಬರುತ್ತಾರೆ. ಆದ್ದರಿಂದ ಆ ಪುಡಿ ಮಾರುವವನನ್ನು ಪೊಲೀಸರಿಗೆ ಹಿಡಿದುಕೊಡು, ಅವನ ಹಿಂದಿರುವವರನ್ನೂ ಬಾಯಿಬಿಡಿಸು. ನಾನು ಏಳು ವರ್ಷ ಹೊತ್ತದ್ದನ್ನು ನೀನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಮುಗಿಸದಿದ್ದರೆ ಆ ಲದ್ದಿಯೇ ನಿನ್ನ ಸ್ಮಾರಕ. ನಾನು ಕಟ್ಟಿದ ಗುಡ್ಡೆಯ ಮುಂದೆ ಕಲ್ಲು ನೆಟ್ಟಿದ್ದೇನೆ. ನಿನ್ನ ಹೆಸರನ್ನು ಅದರಲ್ಲಿ ನಾನೇ ಕೆತ್ತಿದ್ದೇನೆ, ದುಂಡಗೆ.