ಮೂರನೆಯ ಕೊಟೇಶನ್

೮-೩-೧೯೮೨, ರಾಯಚೂರು
ಜಿಲ್ಲಾ ಆರೋಗ್ಯ ಕಚೇರಿ, ಖರೀದಿ ಶಾಖೆ. ಒಂಬತ್ತು ಫೈಲ್ ನೋಡಿದೆ, ಐದು ವಾಪಸ್. ದೇವದುರ್ಗ ಕಡೆಯ ಹಳ್ಳಿ ದವಾಖಾನೆಯಿಂದ ನರ್ಸ್ ಖಾಸಿಂ ಬೀ ಬಂದಿದ್ದರು. ಸಕ್ಷನ್ ಮಷೀನ್ ಬೇಕಂತೆ — ಹುಟ್ಟಿದ ಕೂಸಿನ ಗಂಟಲಲ್ಲಿ ಕಟ್ಟಿದ ನೀರು ಎಳೆಯುವುದು. ತಂದ ಕೊಟೇಶನ್ ಎರಡು. ನಿಯಮಕ್ಕೆ ಮೂರು ಬೇಕು.
“ಇಲ್ಲಿ ಮಾರೋರೇ ಇಬ್ರು ಅದಾರ್ರಿ ಅಣ್ಣಾರ. ಮೂರನೇದು ಎಲ್ಲಿಂದ ತರ್ಲಿ?”
“ನಿಯಮ ನಾ ಮಾಡಿಲ್ರಿ ಸಿಸ್ಟರ್.”
ಆಕ್ಷೇಪಣೆ ಬರೆದು ಫೈಲ್ ವಾಪಸ್ ಕೊಟ್ಟೆ.

೨೪-೩
ಮತ್ತೆ ಬಂದರು. ಹೈದರಾಬಾದಿಗೆ ಹೋಗಿ ಮೂರನೆಯದು ತಂದಿದ್ದಾರೆ. ಅಷ್ಟರಲ್ಲಿ ಮೊದಲೆರಡರ ಅವಧಿ ಮುಗಿದಿತ್ತು. ಹೇಳಿದೆ. ಬೆಂಚಿನ ಮೇಲೆ ಕೂತರು.
“ಈಗ ರಬ್ಬರ್ ನಳಿಗಿ ಹಚ್ಚಿ ಬಾಯಿಲೆ ಎಳೀತೀನ್ರಿ. ಎಲ್ಲಾ ಕೂಸು ಉಳಿಯಂಗಿಲ್ಲ.”
ಹೊಸ ಆಕ್ಷೇಪಣೆ ಬರೆದೆ.

೧-೪
ಮೂರೂ ಹೊಸ ಕೊಟೇಶನ್ ಹಿಡಿದು ಮೂರನೆಯ ಸಲ ಬಂದರು. ಮಾರ್ಚ್ ಮುಗಿದಿದೆ, ಆ ವರ್ಷದ ಹಣದ ಮಂಜೂರಾತಿಯೂ ಮುಗಿಯಿತು. ಮೊದಲಿನಿಂದ ಅರ್ಜಿ ಹಾಕಲು ಹೇಳಿದೆ.

೧೯-೬
ಹೆಡ್ ಕ್ಲರ್ಕ್ ಶರಣಯ್ಯ ಸುದ್ದಿ ತಂದರು. ಆ ದವಾಖಾನೆಯಲ್ಲಿ ಆಗ ತಾನೇ ಹುಟ್ಟಿದ ಕೂಸೊಂದು ಗಂಟಲಲ್ಲಿ ನೀರು ಕಟ್ಟಿ ತೀರಿಕೊಂಡಿದೆ. ತಾಯಿ ಬಸ್ಸಮ್ಮ, ಕೂಲಿ ಹೆಣ್ಣುಮಗಳು. ಖಾಸಿಂ ಬೀ ಸಸ್ಪೆಂಡ್.
ಊಟದ ಡಬ್ಬಿ ಖಾಲಿಯಾಗಿತ್ತು. ತಿಂದದ್ದು ನೆನಪಿಲ್ಲ.

೨-೭
ವಿಚಾರಣೆ. ಮಷೀನ್ ತುರ್ತಾಗಿ ಬೇಕೆಂದು ಆಕೆ ತಿಳಿಸಲೇ ಇಲ್ಲ ಎಂಬ ಆರೋಪ. ನನ್ನ ಹೇಳಿಕೆ ಕೇಳಿದ್ದಾರೆ.
“ಫೈಲಿನ್ಯಾಗ ಇದ್ದಷ್ಟ ಬರೀರಿ, ಉರುಕುಂದಪ್ಪ,” ಎಂದರು ಶರಣಯ್ಯ.
“ಆಕಿ ಮೂರು ಸಲ ಬಂದಿದ್ಳಲ್ರಿ.”
“ಬಂದಿದ್ದು ಎಲ್ಲಿ ಬರ್ದದ?”

೪-೭, ಭಾನುವಾರ
ಬಸ್ ಹಿಡಿದು ಮಾನ್ವಿಗೆ ಹೋದೆ. ಖಾಸಿಂ ಬೀ ಅಕ್ಕನ ಮನೆಯಲ್ಲಿದ್ದಾರೆ. ಚಹಾ ಕೊಟ್ಟರು. ತಪ್ಪಾಯಿತು ಎನ್ನಲು ಹೋದವನು ಬಸ್ಸಿನ ಗದ್ದಲದ ಬಗ್ಗೆ ಮಾತಾಡಿದೆ. ಹೊರಡುವಾಗ ಅವರೇ —
“ಬಸ್ಸಮ್ಮ ಕೂಸಿನ ಬಟ್ಟಿ ಬಿಟ್ಟು ಹೋಗ್ಯಾಳ್ರಿ. ಒಗ್ದು ಇಟ್ಟೀನಿ. ಹ್ಯಾಂಗ ಕೊಡ್ಲಿ?”


೫-೭
ಹೇಳಿಕೆ ಕೊಟ್ಟೆ. ಆಕೆ ಬಂದದ್ದು, ಹೇಳಿದ್ದು, ನಾನು ಕೇಳಿಸಿಕೊಂಡದ್ದು — ಎಲ್ಲ. ನಾನೇ ‘ತುರ್ತು’ ಎಂದು ಒಂದು ಸಾಲು ಬರೆದು ಸಾಹೇಬರ ಮುಂದಿಟ್ಟಿದ್ದರೆ ಎರಡೇ ಕೊಟೇಶನ್ ಸಾಕಾಗುತ್ತಿತ್ತು. ಅದೂ ನಿಯಮದಲ್ಲೇ ಇದೆ. ನನಗೆ ಗೊತ್ತಿತ್ತು. ಅದನ್ನೂ ಬರೆದೆ.

೧೬-೮, ಬೆಳಿಗ್ಗೆ ೬
ಖಾಸಿಂ ಬೀಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಮಷೀನ್ ಇನ್ನೂ ಹೋಗಿಲ್ಲ. ನನಗೆ ನೋಟಿಸ್ — ಗೊತ್ತಿದ್ದೂ ಆ ‘ತುರ್ತು’ ಸಾಲು ಯಾಕೆ ಬರೆಯಲಿಲ್ಲ, ಏಳು ದಿನದಲ್ಲಿ ತಿಳಿಸಿ. ಇಂದು ಏಳನೆಯ ದಿನ. ಇಲ್ಲಿ ಬರೆದು ನೋಡುತ್ತೇನೆ.
ಬರೆಯಲಿಲ್ಲ, ಯಾಕೆಂದರೆ —